ಒಂದೇ ರಾತ್ರಿಯ ಡಾಕ್ಟರ್, ಕಾಲು ಶತಮಾನದ ದನಿ

ಭಾನುವಾರ ಸಂಜೆ ಬೆಂಗಳೂರಿಗೆ ವಾಪಸಾಗುವವರು ನೆಲಮಂಗಲವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಗಂಟೆಯಲ್ಲಿ ಹಾಕುತ್ತಾರೆ. ಹಾಸನದ ಕಡೆಯ ರಸ್ತೆಯೂ ತುಮಕೂರಿನ ಕಡೆಯದೂ ಇಲ್ಲಿ ಬಂದು ಕೂಡಿಕೊಳ್ಳುತ್ತವೆ. ಧರ್ಮಸ್ಥಳಕ್ಕೆ ಹೋದವರು, ಸಿದ್ಧಗಂಗೆಗೆ ಹೋದವರು, ಊರಲ್ಲಿ ಮದುವೆ ಮುಗಿಸಿದವರು, ಶಿವಗಂಗೆ ಬೆಟ್ಟ ಹತ್ತಿ ಮೀನಖಂಡ ಹಿಡಿದುಕೊಂಡವರು, ಎಲ್ಲರೂ ಒಂದೇ ಸಾಲಿನಲ್ಲಿ. ಮಾರ್ಚ್ ತಿಂಗಳ ಅಂಥದೊಂದು ಸಂಜೆ ನಾನೂ ಆ ಸಾಲಿನಲ್ಲಿದ್ದೆ. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. ಮುಂದೆ ಕೋಳಿ ಸಾಗಿಸುವ ಲಾರಿ, ಪಕ್ಕದಲ್ಲಿ ಕೆಎಸ್ಸಾರ್ಟಿಸಿ ಬಸ್ಸು. ನನ್ನ ಕಾರಿನೊಳಗೆ ಮಾತ್ರ ಗುಡುಗು, ಬಿರುಗಾಳಿ, ಧೋ ಎಂದು ಮಳೆ.

ಆ ಮಳೆ ಸುರಿಯುತ್ತಿದ್ದದ್ದು 1930ರ ಅಕ್ಟೋಬರ್ 4ರ ರಾತ್ರಿ. ಆರ್-101 ಎಂಬ ಬ್ರಿಟಿಷ್ ವಾಯುನೌಕೆ, ಸುಮಾರು 237 ಮೀಟರ್ ಉದ್ದದ್ದು, ಹೊಟ್ಟೆಯ ತುಂಬ ಹೈಡ್ರೋಜನ್ ತುಂಬಿಕೊಂಡು ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಹೊರಟಿತ್ತು. ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ ಇಳಿದು ಅಲ್ಲಿಂದ ಕರಾಚಿಗೆ ಬರಬೇಕು. ಕರಾಚಿ ಆಗಿನ್ನೂ ಅವಿಭಜಿತ ಭಾರತದ ಊರು. ಈ ಹಡಗನ್ನು ಕಟ್ಟಿ ನಿಲ್ಲಿಸಲೆಂದೇ ಅಲ್ಲಿ ದೈತ್ಯ ಶೆಡ್ಡು ಎದ್ದಿತ್ತು. ಹಡಗು ಬರಲೇ ಇಲ್ಲ. ಬೆಳಗಿನ ಜಾವ ಫ್ರಾನ್ಸಿನ ಬೊವೆ ಪಟ್ಟಣದ ಹತ್ತಿರ ನೆಲಕ್ಕೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 54 ಮಂದಿಯಲ್ಲಿ 48 ಮಂದಿ ಸತ್ತರು, ಬ್ರಿಟನ್ನಿನ ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಸೇರಿ.

ಇಷ್ಟು ಚರಿತ್ರೆ. ಕಾರಿನಲ್ಲಿ ನಾನು ಕೇಳುತ್ತಿದ್ದ ನಾಟಕದಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬಳು ಮನೆಬಿಟ್ಟು ಬಂದು, ಹಡಗಿನ ಸಿಬ್ಬಂದಿಯ ವೇಷದಲ್ಲಿ ಕದ್ದು ಹತ್ತಿದ ಹದಿನೆಂಟರ ಹುಡುಗಿ ಚಾರ್ಲಿ ಪೊಲಾರ್ಡ್. ಚರಿತ್ರೆಯ ಪ್ರಕಾರ ಅವಳೂ ಸಾಯಬೇಕು. ಇನ್ನೊಬ್ಬ, ಅವಳನ್ನು ಸಾಯಗೊಡದ ಡಾಕ್ಟರ್. ಆ ಡಾಕ್ಟರನ ದನಿ ಪಾಲ್ ಮೆಕ್‌ಗ್ಯಾನ್ ಅವರದು. ನಾಟಕದ ಹೆಸರು 'ಸ್ಟಾರ್ಮ್ ವಾರ್ನಿಂಗ್'. ಹೊರಬಂದದ್ದು 2001ರ ಜನವರಿಯಲ್ಲಿ.

ಈ ನಟನ ಕಥೆ ಹೇಳಬೇಕೆಂದು ನನಗೆ ಬಹಳ ದಿನದಿಂದ ಆಸೆ. ಸಿನಿಮಾದಲ್ಲಿ ಮರುಪ್ರವೇಶ ಅಂದರೆ ನಮಗೆ ಗೊತ್ತು: ನಿಧಾನಗತಿಯ ನಡಿಗೆ, ಹಿಂದಿನಿಂದ ಬೆಳಕು, ಥಿಯೇಟರಿನಲ್ಲಿ ಶಿಳ್ಳೆ. ಇವರು ಮರಳಿದ್ದು ಮುಖವೇ ಇಲ್ಲದೆ.

ವಿಗ್ಗು ತೊಟ್ಟ ಒಂದು ರಾತ್ರಿ

'ಡಾಕ್ಟರ್ ಹೂ' ಗೊತ್ತಿಲ್ಲದವರಿಗೆ ಎರಡು ಮಾತು. ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾದ ವಿಜ್ಞಾನ ಕಾಲ್ಪನಿಕ ಧಾರಾವಾಹಿ ಅದು. ಲಂಡನ್ನಿನ ಹಳೆಯ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯಂತೆ ಕಾಣುವ ಯಂತ್ರದಲ್ಲಿ ಕೂತು ಹಿಂದಕ್ಕೂ ಮುಂದಕ್ಕೂ, ಈ ಗ್ರಹಕ್ಕೂ ಆ ಗ್ರಹಕ್ಕೂ ತಿರುಗುವವನೇ ಡಾಕ್ಟರ್. ಸಾವು ಹತ್ತಿರ ಬಂದಾಗ ಹಾವು ಪೊರೆ ಬಿಟ್ಟ ಹಾಗೆ ದೇಹ ಬದಲಿಸಿಕೊಳ್ಳುತ್ತಾನೆ. ಒಬ್ಬ ನಟ ಹೋಗಿ ಇನ್ನೊಬ್ಬ ನಟ ಬರುವುದಕ್ಕೆ ಬರಹಗಾರರು ಕಂಡುಕೊಂಡ ಉಪಾಯ ಇದು. ಅವತಾರಗಳ ಕಥೆ ಕೇಳುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ನರಸಿಂಹನೂ ವಾಮನನೂ ಒಬ್ಬನೇ ಎಂಬುದನ್ನು ಮೂರು ವರ್ಷದ ಮಗು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಧಾರಾವಾಹಿ 26 ಸರಣಿ ಓಡಿ 1989ರಲ್ಲಿ ನಿಂತಿತು. ಏಳು ವರ್ಷದ ಮೇಲೆ ಅಮೆರಿಕದ ಫಾಕ್ಸ್ ವಾಹಿನಿ ಮತ್ತು ಬಿಬಿಸಿ ಸೇರಿ ಅದಕ್ಕೆ ಜೀವ ತುಂಬಲು ಹೊರಟವು. ಕೆನಡಾದ ವ್ಯಾಂಕೂವರ್‌ನಲ್ಲಿ ಚಿತ್ರೀಕರಣವಾದ ಒಂದು ಟೆಲಿಚಿತ್ರ, ಗೆದ್ದರೆ ಧಾರಾವಾಹಿ. ಎಂಟನೆಯ ಡಾಕ್ಟರ್ ಆಗಿ ಬಂದವರು ಲಿವರ್‌ಪೂಲಿನ ಮೆಕ್‌ಗ್ಯಾನ್. 1987ರ 'ವಿತ್‌ನೇಲ್ ಅಂಡ್ ಐ' ಸಿನಿಮಾದಿಂದ ಆಗಲೇ ಹೆಸರಾಗಿದ್ದವರು. ಬೇರೊಂದು ಪಾತ್ರಕ್ಕಾಗಿ ತಲೆಗೂದಲು ಕತ್ತರಿಸಿಕೊಂಡಿದ್ದ ಅವರಿಗೆ ಇಲ್ಲಿ ಭುಜದವರೆಗೆ ಇಳಿಬಿದ್ದ ಗುಂಗುರು ಕೂದಲಿನ ವಿಗ್ಗು ತೊಡಿಸಿದರು.

1996ರ ಮೇ 14ರಂದು ಅಮೆರಿಕದಲ್ಲಿ ಪ್ರಸಾರವಾಯಿತು. ಅಲ್ಲಿನವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಮೇ 27ರಂದು ಬ್ರಿಟನ್ನಿನಲ್ಲಿ ಸುಮಾರು 90 ಲಕ್ಷ ಜನ ನೋಡಿದರು. ಆದರೆ ಹಣದ ಥೈಲಿ ಇದ್ದದ್ದು ಅಮೆರಿಕದಲ್ಲಿ. ಧಾರಾವಾಹಿ ಆಗಲಿಲ್ಲ. ಹಸೆಮಣೆ ಏರಿದ ದಿನವೇ ಮದುವೆ ಮುರಿದ ಹಾಗೆ, ಮೆಕ್‌ಗ್ಯಾನ್ ಡಾಕ್ಟರ್ ಆದ ದಿನವೇ ಮಾಜಿ ಡಾಕ್ಟರ್ ಆದರು. ಏಳು ವರ್ಷ ಪಾತ್ರ ಮಾಡಿದ ಟಾಮ್ ಬೇಕರ್ ಅವರ ಹೆಸರಿದ್ದ ಪಟ್ಟಿಯಲ್ಲೇ ಇವರ ಹೆಸರೂ ಇರುತ್ತಿತ್ತು. ಅವಧಿಯ ಕಾಲಂನಲ್ಲಿ ಮಾತ್ರ ಒಂದೇ ಇಸವಿ.

ಬ್ರಿಸ್ಟಲ್ಲಿನ ಮೈಕು

ಇಲ್ಲಿಂದ ಮುಂದಿನದು ಚಿಕ್ಕ ಅಂಗಡಿಯೊಂದರ ಕಥೆ. ಬಿಗ್ ಫಿನಿಷ್ ಎಂಬ ಕಂಪನಿ 1998ರಲ್ಲಿ ಸಿ.ಡಿ. ನಾಟಕಗಳನ್ನು ಮಾಡಿ ಮಾರತೊಡಗಿತು. ಹಿಂದೆ ನಿಂತಿದ್ದವರಲ್ಲಿ ಹಲವರು ಚಿಕ್ಕಂದಿನಿಂದ ಡಾಕ್ಟರನ ಹುಚ್ಚು ಹತ್ತಿಸಿಕೊಂಡವರು, ಹವ್ಯಾಸಕ್ಕೆಂದು ಕ್ಯಾಸೆಟ್ ನಾಟಕ ಮಾಡಿಕೊಂಡಿದ್ದವರು. 1999ರ ಜುಲೈಯಲ್ಲಿ ಬಿಬಿಸಿಯ ಅನುಮತಿಯೊಂದಿಗೆ ಮೊದಲ ಡಾಕ್ಟರ್ ಹೂ ಧ್ವನಿನಾಟಕ 'ದಿ ಸೈರನ್ಸ್ ಆಫ್ ಟೈಮ್' ಬಂತು. ಪೀಟರ್ ಡೇವಿಸನ್, ಕಾಲಿನ್ ಬೇಕರ್, ಸಿಲ್ವೆಸ್ಟರ್ ಮಕಾಯ್ ಎಂಬ ಮೂವರು ಹಳೆಯ ಡಾಕ್ಟರರು ಅದರಲ್ಲಿ ಒಟ್ಟಿಗಿದ್ದರು. ಟಿ.ವಿ. ಕೈಬಿಟ್ಟು ಹತ್ತು ವರ್ಷವಾಗಿದ್ದ ಕಾಲ ಅದು. ಬಾಗಿಲು ಹಾಕಿದ ಗುಡಿಯಲ್ಲಿ ಯಾರೋ ಸಂಜೆ ದೀಪ ಹಚ್ಚಿಟ್ಟು ಹೋದಂತೆ.

ಮೆಕ್‌ಗ್ಯಾನ್ ಒಪ್ಪಿದ್ದು ಮರುವರ್ಷ. 2000ದ ಮೇ ತಿಂಗಳಲ್ಲಿ ಬ್ರಿಸ್ಟಲ್ ನಗರದ ಸ್ಟುಡಿಯೋದಲ್ಲಿ ನಾಲ್ಕು ನಾಟಕ ಒಟ್ಟಿಗೇ ಧ್ವನಿಮುದ್ರಣವಾದವು. ವಿಗ್ಗಿಲ್ಲ, ಕೋಟಿಲ್ಲ, ಅಮೆರಿಕದ ನಿರ್ಮಾಪಕರಿಲ್ಲ. ಎದುರಿಗೆ ಸ್ಟ್ಯಾಂಡಿನ ಮೇಲೆ ಸ್ಕ್ರಿಪ್ಟು, ಅದರಾಚೆ ಮೈಕು, ಗಾಜಿನಾಚೆ ಚಾರ್ಲಿಯ ದನಿಯಾದ ನಟಿ. ಆ ನಟಿಯ ಹೆಸರು ಇಂಡಿಯಾ ಫಿಷರ್. ಭಾರತಕ್ಕೆ ಹೊರಟ ಹಡಗಿನಲ್ಲಿ ಇಂಡಿಯಾ ಎಂಬ ಹೆಸರಿನವರೇ ಕದ್ದು ಕೂತದ್ದು ಕಾಕತಾಳೀಯ ಇರಬೇಕು. ನನಗಂತೂ ಕೇಳಿದಾಗಲೆಲ್ಲ ನಗು ಬರುತ್ತದೆ.

ಮೊದಲ ನಾಟಕದ ಆರಂಭ ಅಷ್ಟೇನೂ ಚೆನ್ನಾಗಿಲ್ಲ ಎಂದು ಹೇಳಿಬಿಡುತ್ತೇನೆ. ಡಾಕ್ಟರ್ ತನ್ನ ಯಂತ್ರದಲ್ಲಿ ಒಬ್ಬನೇ ಇದ್ದಾನೆ. ಕೇಳುವವರಿಗೆ ಏನು ನಡೆಯುತ್ತಿದೆ ಎಂದು ಗೊತ್ತಾಗಬೇಕಲ್ಲ? ಹಾಗಾಗಿ ತನ್ನಷ್ಟಕ್ಕೆ ತಾನೇ ಗೊಣಗುತ್ತ, ಕಂಡದ್ದನ್ನೆಲ್ಲ ಹೆಸರಿಟ್ಟು ಹೇಳುತ್ತ ಹೋಗುತ್ತಾನೆ. ರೇಡಿಯೋ ನಾಟಕದ ಹಳೆಯ ಕಾಯಿಲೆ ಇದು. 'ಅಯ್ಯೋ, ನಿನ್ನ ಬಲಗೈಯಲ್ಲಿರುವುದು ಪಿಸ್ತೂಲಲ್ಲವೇ?' ಎಂದು ಪಾತ್ರವೊಂದು ಕೂಗಿದರೆ ಬರೆದವರಿಗೆ ಬೇರೆ ದಾರಿ ತೋಚಲಿಲ್ಲ ಅಂತಲೇ ಅರ್ಥ. ಆದರೆ ಚಾರ್ಲಿ ಎದುರಾಗುತ್ತಲೇ ಆ ಕಾಯಿಲೆ ವಾಸಿಯಾಗುತ್ತದೆ. ಒಬ್ಬರು ಹೇಳಿ ಒಬ್ಬರು ಕೇಳುವಂತಾದಾಗ ಮಾತಿಗೆ ಬೇರೆ ಕೆಲಸವೂ ಸಿಗುತ್ತದೆ. ಡಾಕ್ಟರ್ ಅವಳಿಗೆ ಸುಳ್ಳು ಹೇಳುತ್ತಿದ್ದಾನೆ, ಅವಳು ಇಷ್ಟರಲ್ಲೇ ಸಾಯುವವಳೆಂದು ಅವನಿಗೆ ಗೊತ್ತಾಗಿದೆ: ಇವೆಲ್ಲ ಆ ದನಿಯ ಚೂರು ತಡವರಿಕೆಯಲ್ಲೇ ತಿಳಿಯುತ್ತವೆ. ಟಿ.ವಿ.ಯಲ್ಲಾಗಿದ್ದರೆ ಮುಖದ ಹತ್ತಿರಕ್ಕೆ ಕ್ಯಾಮೆರಾ ಒಯ್ದು, ಪಿಟೀಲು ಬಾರಿಸಿ, ನಮಗೆ ಗೊತ್ತಾಗಿದೆಯೇ ಎಂದು ಎರಡು ಸಲ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಅವಳನ್ನು ಬದುಕಿಸಿದ್ದಕ್ಕೆ ಕಾಲದ ನೇಯ್ಗೆಯಲ್ಲಿ ಬಿದ್ದ ತೂತು ಹಿಗ್ಗುತ್ತ ಹೋಗಿ, 2002ರ 'ನೆವರ್‌ಲ್ಯಾಂಡ್' ಮತ್ತು 2003ರ 'ಜಾಗ್ರಿಯಸ್' ನಾಟಕಗಳವರೆಗೆ ಆ ಕಥೆ ಬೆಳೆಯಿತು. ಎರಡನೆಯದು ಹತ್ತಿರ ಹತ್ತಿರ ನಾಲ್ಕು ಗಂಟೆಯದು. ನಾನು ಎರಡು ಸಲ ಶುರು ಮಾಡಿದ್ದೇನೆ, ಎರಡು ಸಲವೂ ದಾಬಸ್‌ಪೇಟೆ ದಾಟುವುದರೊಳಗೆ ಹಾಡಿಗೆ ಬದಲಿಸಿದ್ದೇನೆ. 2005ರಲ್ಲಿ ಬಿಬಿಸಿ 7 ಎಂಬ ಡಿಜಿಟಲ್ ರೇಡಿಯೋ ಈ ಸರಣಿಯ ನಾಟಕಗಳನ್ನು ಪ್ರಸಾರ ಮಾಡಿತು. ಹೊಸ ಸಹಚರಿ ಲೂಸಿ ಮಿಲ್ಲರ್ ಆಗಿ ಶೆರಿಡನ್ ಸ್ಮಿತ್ ಬಂದರು, 2011ರಲ್ಲಿ ಆ ಪಾತ್ರ ಸತ್ತಾಗ ಕೇಳುಗರು ಅತ್ತರು. ಹೀಗೆ ಟಿ.ವಿ.ಯಲ್ಲಿ ಒಂದು ರಾತ್ರಿ ಬದುಕಿದ ಡಾಕ್ಟರ್ ಕಿವಿಯಲ್ಲಿ ವರ್ಷ ವರ್ಷ ಬೆಳೆದ. ಗೆಳೆಯರನ್ನು ಮಾಡಿಕೊಂಡ, ಕಳೆದುಕೊಂಡ, ಸಿಡುಕನಾದ, ಮತ್ತೆ ಹಗುರಾದ.

ನಮ್ಮ ದುರ್ಯೋಧನರು

ಕಿವಿಯಲ್ಲೇ ನಾಟಕ ನೋಡುವ ಈ ಸುಖ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಸ್ವಂತ ಆಸಕ್ತಿಯಿಂದ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದು 1935ರಲ್ಲಿ. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಹೋದದ್ದೇ ಅಲ್ಲಿಂದ. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಬಂದ ಮೇಲೆ ರೇಡಿಯೋ ನಾಟಕ ಕನ್ನಡದ ಮನೆಮನೆಯ ಅಭ್ಯಾಸವಾಯಿತು. ನಾಟಕದ ದನಿಗೆಂದು ಆಡಿಷನ್ ಇತ್ತು, ಪಾಸಾದವರಿಗೆ ಬಿ, ಬಿ ಹೈ, ಎ ಎಂದು ಶ್ರೇಣಿ ಇತ್ತು. ಮೈಕಿನ ಹತ್ತಿರ ಬಂದರೆ ಗುಟ್ಟು, ಎರಡು ಹೆಜ್ಜೆ ಹಿಂದೆ ಸರಿದರೆ ಪಕ್ಕದ ಕೋಣೆ, ಮುಖ ತಿರುಗಿಸಿದರೆ ಬೀದಿ. ತೆಂಗಿನ ಚಿಪ್ಪು ಕುದುರೆಯಾಗುತ್ತಿತ್ತು, ಬಣ್ಣದ ಕಾಗದ ಮುದುರಿದರೆ ಬೆಂಕಿ. ಬಾನುಲಿಯಲ್ಲಿ ಈರಣ್ಣನ ಪಾತ್ರಕ್ಕೆ ದನಿಯಾದ ಎ.ಎಸ್. ಮೂರ್ತಿ ಅವರು ಮುಂದೆ 'ಅಭಿನಯ ತರಂಗ' ಕಟ್ಟಿದರು, ಬೀದಿನಾಟಕ ಮಾಡಿದರು, ಏನೆಲ್ಲ ಮಾಡಿದರು. ಜನರಿಗೆ ಮಾತ್ರ ಕೊನೆಯವರೆಗೂ ಅವರು 'ಆಕಾಶವಾಣಿ ಈರಣ್ಣ'. ಪಾತ್ರ ಒಮ್ಮೆ ಕಿವಿಗೆ ಅಂಟಿತೆಂದರೆ ನಟನನ್ನು ಬಿಟ್ಟುಕೊಡುವುದಿಲ್ಲ.

ವಿಜ್ಞಾನವೂ ನಮ್ಮ ಬಾನುಲಿಗೆ ದೂರದ್ದಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಆಕಾಶವಾಣಿ ಮನುಷ್ಯನ ವಿಕಾಸದ ಕಥೆಯನ್ನು 130 ಕಂತುಗಳಲ್ಲಿ, ದೇಶದ ಹಲವು ಭಾಷೆಗಳಲ್ಲಿ ಹೇಳಿತು. ವಿಜ್ಞಾನದ ಕಲ್ಪನೆ ಮಾತ್ರ ಕನ್ನಡದಲ್ಲಿ ಹೆಚ್ಚಾಗಿ ಪುಸ್ತಕದೊಳಗೇ ಉಳಿಯಿತು. ರಾಜಶೇಖರ ಭೂಸನೂರಮಠರು ಒಂಟಿ ಎತ್ತಿನ ಗಾಡಿಯ ಹಾಗೆ ದಶಕಗಟ್ಟಲೆ ಎಳೆದರು. ಎಸ್.ಎಲ್. ಭೈರಪ್ಪನವರು 2014ರಲ್ಲಿ 'ಯಾನ'ದ ಮೂಲಕ ಓದುಗರನ್ನು ಸೌರವ್ಯೂಹದ ಆಚೆಗೆ ಕರೆದೊಯ್ದರು. ಅಂತರಿಕ್ಷ ನೌಕೆಯ ಲೋಹದ ಸದ್ದನ್ನು ಸ್ಟುಡಿಯೋದಲ್ಲಿ ಹುಟ್ಟಿಸಲು ದುಡ್ಡೇನೂ ಬೇಡ. ಡಾಕ್ಟರನ ಯಂತ್ರ ಹೊರಡುವ ಆ ಜಗತ್ಪ್ರಸಿದ್ಧ ಏದುಸಿರನ್ನು ಬಿಬಿಸಿಯ ಬ್ರಯನ್ ಹಾಡ್ಜ್‌ಸನ್ ಮಾಡಿದ್ದು ಹಳೆಯ ಪಿಯಾನೋದ ತಂತಿಯ ಮೇಲೆ ತಾಯಿಯ ಮನೆಯ ಬೀಗದ ಕೈಯನ್ನು ಗೀರಿ. ನಮ್ಮಲ್ಲಿ ಹಳೆಯ ಹಾರ್ಮೋನಿಯಂಗಳಿಗೆ ಬರವೇ?

ಹಾರ್ಮೋನಿಯಂ ಅಂದಾಗ ನೆನಪಾಯಿತು. ನೆಲಮಂಗಲ, ಮಾಗಡಿ, ತುಮಕೂರು ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಕಟ್ಟುವ ಕ್ರಮ ಗೊತ್ತಿದ್ದವರಿಗೆ ಮೆಕ್‌ಗ್ಯಾನ್ ಕಥೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ಕಂದಪದ್ಯ, ಮಟ್ಟುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪಾತ್ರಕ್ಕೆ ತಕ್ಕ ದುಡ್ಡು ಪಾತ್ರಧಾರಿಯೇ ಹಾಕಬೇಕು. ದುರ್ಯೋಧನನದು, ಕೃಷ್ಣನದು ದುಬಾರಿ, ಸೈಂಧವನದು ಅಗ್ಗ. ಒಮ್ಮೆ ಚೆನ್ನಾಗಿ ಹಾಡಿದವರನ್ನು ಊರು ಹೆಸರು ಹಿಡಿದು ಕರೆಯುವುದನ್ನೇ ಬಿಡುತ್ತದೆ. ಹಾಲಿನ ಡೇರಿ ಕಟ್ಟೆಯ ಮೇಲೆ ಕೂತವರನ್ನು ತೋರಿಸಿ 'ನಮ್ಮ ದುರ್ಯೋಧನ' ಅನ್ನುತ್ತಾರೆ, ಅವರ ಹೊಲದ ತಕರಾರಿಗೂ ಅದೇ ಹೆಸರು. ಇಪ್ಪತ್ತು ವರ್ಷದ ಮೇಲೆ ಮತ್ತೆ ನಾಟಕ ನಿಂತರೆ ಅವರೇ ಬೇಕು. ಕಿರೀಟ ತಲೆಗೆ ಬಿಗಿ, ಗದೆ ಎತ್ತಿದರೆ ಭುಜ ನೋವು, ಹೊಟ್ಟೆಯ ಮೇಲೆ ಎದೆಕವಚ ನಿಲ್ಲುವುದಿಲ್ಲ. ಮುಂದಿನ ಸಾಲಿನ ಹುಡುಗರು ಮೊಬೈಲ್ ಹಿಡಿದು ನಗುತ್ತಾರೆ. ಆದರೆ ಹಿಂದುಗಡೆ, ಕಡಲೆಪುರಿ ಅಂಗಡಿಗಳಾಚೆ, ಕಂಬಳಿ ಹೊದ್ದು ಮಲಗಿಕೊಂಡೇ ನಾಟಕ 'ನೋಡುವ' ಒಂದು ದಂಡಿರುತ್ತದಲ್ಲ, ಕಣ್ಣು ಮುಚ್ಚಿದವರ ದಂಡು? ಅವರಿಗೆ ಹೊಟ್ಟೆಯೂ ಕಾಣುವುದಿಲ್ಲ, ನರೆಯೂ ಕಾಣುವುದಿಲ್ಲ. ಧ್ವನಿವರ್ಧಕದಲ್ಲಿ ಮೊದಲ ಆಲಾಪ ಬಂದೊಡನೆ ಇಪ್ಪತ್ತು ವರ್ಷದ ಹಿಂದಿನ ದುರ್ಯೋಧನನೇ ಎದ್ದು ನಿಲ್ಲುತ್ತಾನೆ. ಬಿಗ್ ಫಿನಿಷ್‌ನವರ ಗಿರಾಕಿಗಳೆಂದರೆ ಆ ದಂಡೇ.

ದಕ್ಷಿಣ ಕನ್ನಡ, ಕಾಸರಗೋಡಿನವರು ಇನ್ನೂ ಒಂದು ಹೆಜ್ಜೆ ಮುಂದೆ. ತಾಳಮದ್ದಳೆಯಲ್ಲಿ ವೇಷವೇ ಇಲ್ಲ. ಪಂಚೆ ಉಟ್ಟು, ಶಲ್ಯ ಹೊದ್ದು, ಕುರ್ಚಿಯಲ್ಲಿ ಕೂತ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಮಾತಿಗಿಳಿದರೆ ಕೇಳುಗರಿಗೆ ಕಿಷ್ಕಿಂಧೆಯೇ ಕಾಣುತ್ತಿತ್ತು. ಅದೇ ಪಾತ್ರಕ್ಕೆ ಅವರು ವರ್ಷ ವರ್ಷ ಮರಳುತ್ತಿದ್ದರು, ಒಂದೊಂದು ಸಲ ಒಂದೊಂದು ವಾದ ಹೂಡುತ್ತಿದ್ದರು.

ನೆಲಮಂಗಲಕ್ಕೆ ನಟರ ಇನ್ನೊಂದು ಬಗೆಯ ಬದುಕೂ ಗೊತ್ತು. ಸೋಲದೇವನಹಳ್ಳಿಯ ತೋಟದಲ್ಲಿ ಲೀಲಾವತಿ ಅವರು ಬೆಳಕಿನಿಂದ ದೂರ ಸರಿದು ಗಿಡ ನೆಟ್ಟುಕೊಂಡು, ಊರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟು ಬದುಕಿದರು. 2023ರ ಡಿಸೆಂಬರ್ 8ರಂದು ತೀರಿಕೊಂಡ ಮೇಲೆ ಅದೇ ತೋಟದ ಮಣ್ಣು ಸೇರಿದರು. ಎಲ್ಲರೂ ಮರಳಲೇಬೇಕೆಂದೇನಿಲ್ಲ.

ಏಳು ನಿಮಿಷದ ಬಾಕಿ

2005ರಲ್ಲಿ ಟಿ.ವಿ.ಯಲ್ಲಿ ಡಾಕ್ಟರ್ ಹೂ ಮತ್ತೆ ಶುರುವಾಯಿತು. ಬಂದವರು ಒಂಬತ್ತನೆಯ ಡಾಕ್ಟರ್ ಕ್ರಿಸ್ಟೋಫರ್ ಎಕ್ಲ್‌ಸ್ಟನ್. ಎಂಟನೆಯವನು ಹೇಗೆ ಸತ್ತ, ಯಾವಾಗ ಪೊರೆ ಕಳಚಿದ ಎಂಬ ಮಾತೇ ಇಲ್ಲ. ಮನೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಕಿತ್ತುಹೋಗಿ ಅಂಟಿನ ಗುರುತು ಮಾತ್ರ ಉಳಿದ ಹಾಗೆ. ಕಿವಿಯವರಿಗೆ ಆ ಡಾಕ್ಟರ್ ಬದುಕಿದ್ದ, ಕಣ್ಣಿನವರಿಗೆ ಅವನು ಇರಲೇ ಇಲ್ಲ.

2013ರ ನವೆಂಬರ್ 14. ಧಾರಾವಾಹಿಗೆ 50 ತುಂಬಲು ಒಂಬತ್ತು ದಿನ ಬಾಕಿ. ಮುನ್ಸೂಚನೆ ಕೊಡದೆ ಬಿಬಿಸಿ ಏಳು ನಿಮಿಷದ ಚಿಕ್ಕ ಚಿತ್ರವೊಂದನ್ನು ಬಿಡುಗಡೆ ಮಾಡಿತು. 'ದಿ ನೈಟ್ ಆಫ್ ದಿ ಡಾಕ್ಟರ್'. ಬಾಗಿಲು ತೆರೆದರೆ ನಿಂತಿದ್ದವರು ಮೆಕ್‌ಗ್ಯಾನ್. ಹದಿನೇಳು ವರ್ಷ ಕಳೆದಿತ್ತು, ವಿಗ್ಗಿರಲಿಲ್ಲ, ಮುಖದಲ್ಲಿ ಗೆರೆಗಳಿದ್ದವು. ಅಂದು ಅವರ ಹುಟ್ಟುಹಬ್ಬವೂ ಹೌದು, 54 ತುಂಬಿತ್ತು.

ನಾನು ಆ ಏಳು ನಿಮಿಷವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಥೆ ಇಷ್ಟೇ: ನೌಕೆ ಬೀಳುತ್ತದೆ, ಡಾಕ್ಟರ್ ಸಾಯುತ್ತಾನೆ, ಕೆಲವು ನಿಮಿಷಕ್ಕೆ ಜೀವ ಬರುತ್ತದೆ, ಯುದ್ಧಕ್ಕೆ ಹೋಗಲೊಲ್ಲದವನು ಕೊನೆಗೆ ಒಪ್ಪಿ, ಬೇರೊಬ್ಬನಾಗಿ ಬದಲಾಗಲು ಬಟ್ಟಲು ಎತ್ತಿಕೊಳ್ಳುತ್ತಾನೆ. ಕುಡಿಯುವ ಮುಂಚೆ ತನ್ನ ಗೆಳೆಯರನ್ನು ನೆನೆಯುತ್ತಾನೆ. ಚಾರ್ಲಿ, ಕ್ರಿಜ್, ಲೂಸಿ, ಟ್ಯಾಮ್ಸಿನ್, ಮಾಲಿ. ಐದೇ ಹೆಸರು.

ಈ ಐವರಲ್ಲಿ ಯಾರನ್ನೂ ಟಿ.ವಿ. ನೋಡುಗರು ಕಂಡವರಲ್ಲ. ಐವರೂ ಬರೀ ದನಿಗಳು. ಸ್ಟುಡಿಯೋದಲ್ಲಿ ಹುಟ್ಟಿ, ಸಿ.ಡಿ.ಯಲ್ಲಿ ಬೆಳೆದು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿದವರ, ರಾತ್ರಿ ಪಾಳಿ ಮುಗಿಸಿ ಬಸ್ಸು ಕಾಯುತ್ತ ಕೇಳಿದವರ ತಲೆಯೊಳಗೆ ಮಾತ್ರ ಮುಖ ಪಡೆದವರು. ಸಾಯುವ ಡಾಕ್ಟರ್ ಅವರ ಹೆಸರು ಹೇಳಿದೊಡನೆ ಹದಿಮೂರು ವರ್ಷದ ಧ್ವನಿನಾಟಕಗಳೆಲ್ಲ ಮೂಲ ಕಥೆಯ ಖಾತೆಗೆ ಜಮಾ ಆದವು. ದಾಯಾದಿಗಳ ಎದುರು ಹಿರಿಯರು 'ಇವರೂ ನಮ್ಮವರೇ' ಅಂದಂತೆ. ಟಿ.ವಿ.ಗೆ ಮರಳಿದ್ದು ಮೆಕ್‌ಗ್ಯಾನ್ ಎಂದು ಪತ್ರಿಕೆಗಳು ಬರೆದವು. ಜೊತೆಗೆ ಕತ್ತಲಲ್ಲಿ ಕೂತು ಕೇಳಿದವರನ್ನೂ ಅವರು ಒಳಗೆ ಕರೆದುಕೊಂಡು ಬಂದಿದ್ದರು ಅನ್ನುವುದು ನನ್ನ ಲೆಕ್ಕ. 2022ರ ಅಕ್ಟೋಬರ್ 23ರಂದು 'ದಿ ಪವರ್ ಆಫ್ ದಿ ಡಾಕ್ಟರ್' ಕಂತಿನಲ್ಲಿ ಇನ್ನೊಮ್ಮೆ ತೆರೆಯ ಮೇಲೆ ಬಂದು ಹೋದರು. ಉಳಿದ ಸಮಯವೆಲ್ಲ ಮೈಕಿನ ಮುಂದೆಯೇ.

ಮರಳಿದವರು ಅವರೊಬ್ಬರೇ ಅಲ್ಲ. 13 ಕಂತು ಮಾಡಿ ಪಾತ್ರ ಬಿಟ್ಟ ಎಕ್ಲ್‌ಸ್ಟನ್, ನಿರ್ಮಾಪಕರೊಂದಿಗೆ ಸಂಬಂಧ ಮುರಿದುಬಿದ್ದದ್ದನ್ನು ಮುಂದೆ ತಾವೇ ಹೇಳಿಕೊಂಡವರು. 50ರ ಸಂಭ್ರಮಕ್ಕೂ ಬರಲಿಲ್ಲ. ಅಂಥವರು 2021ರ ಮೇಯಲ್ಲಿ 'ರ್‍ಯಾವೇಜರ್ಸ್' ಧ್ವನಿನಾಟಕದೊಂದಿಗೆ, ಹದಿನಾರು ವರ್ಷದ ಮೇಲೆ, ತಮ್ಮ ಡಾಕ್ಟರನ ಬಳಿಗೆ ಬಂದರು. ಟಾಮ್ ಬೇಕರ್ ಬಿಗ್ ಫಿನಿಷ್‌ಗೆ ಬಂದದ್ದು 2012ರಲ್ಲಿ. ಆದರೆ ನನ್ನ ಮೆಚ್ಚಿನ ಲಾಭ ಕಾಲಿನ್ ಬೇಕರ್ ಅವರದು. 1986ರಲ್ಲಿ ಪಾತ್ರದಿಂದ ಅವರನ್ನು ತೆಗೆದುಹಾಕಿದ್ದರು, ಬಣ್ಣಬಣ್ಣದ ಕೋಡಂಗಿ ಕೋಟು ಮಾತ್ರ ಜನರ ನೆನಪಲ್ಲಿ ಉಳಿದಿತ್ತು. ಧ್ವನಿನಾಟಕದಲ್ಲಿ ಕೋಟು ಕಾಣದು! ಬಣ್ಣ ಹೋದದ್ದೇ ತಡ, ಒಳಗಿದ್ದ ಒಳ್ಳೆಯ ನಟ ಕೇಳಿಸಿದರು. ಅವರ ಜೊತೆಗಾತಿಯಾಗಿ ಬಿಗ್ ಫಿನಿಷ್ ಕೊಟ್ಟದ್ದು ಐವತ್ತು ದಾಟಿದ ಇತಿಹಾಸದ ಮೇಷ್ಟ್ರಮ್ಮ ಎವೆಲಿನ್ ಸ್ಮೈತ್‌ಳನ್ನು, ಮ್ಯಾಗಿ ಸ್ಟೇಬಲ್ಸ್ ಅವರ ದನಿಯಲ್ಲಿ. ಚಾಕಲೇಟಿನ ಆಸೆ, ಡಾಕ್ಟರನಿಗೇ ಗದರುವ ಧೈರ್ಯ. ಟಿ.ವಿ.ಯವರು ಆ ವಯಸ್ಸಿನ ಹೆಂಗಸನ್ನು ಅಷ್ಟು ದಿನ ಮುಂದಿಡುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ.

ದನಿ ಸತ್ತಾಗ

ಕಿವಿಯ ನಾಟಕಕ್ಕೂ ಒಂದು ಮಿತಿಯಿದೆ. ದನಿಯೇ ಹೋದರೆ?

ಡಗ್ಲಸ್ ಆಡಮ್ಸ್ ಅವರ 'ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' ಪುಸ್ತಕವೆಂದೇ ಹಲವರು ತಿಳಿದಿದ್ದಾರೆ. ಅದು ಮೊದಲು ಹುಟ್ಟಿದ್ದು ರೇಡಿಯೋ ನಾಟಕವಾಗಿ, ಬಿಬಿಸಿ ರೇಡಿಯೋ 4ರಲ್ಲಿ, 1978ರ ಮಾರ್ಚ್ 8ರಂದು. ಮನೆ ಕೆಡವಲು ಬಂದ ಬುಲ್ಡೋಜರಿನ ಮುಂದೆ ಮಲಗಿದ ಆರ್ಥರ್ ಡೆಂಟ್ ಎಂಬ ಪಾಪದ ಮನುಷ್ಯನ ಪಾತ್ರವನ್ನು ಆಡಮ್ಸ್ ತಮ್ಮ ಕಾಲೇಜು ಗೆಳೆಯ ಸೈಮನ್ ಜೋನ್ಸ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರು. ರಸ್ತೆಗೆಂದು ಮನೆ ಹೋಗುತ್ತದೆ, ಅಷ್ಟರಲ್ಲಿ ಅಂತರಿಕ್ಷದ ಹೆದ್ದಾರಿಗೆಂದು ಭೂಮಿಯೇ ಹೋಗುತ್ತದೆ. ತುಮಕೂರು ರಸ್ತೆ ಅಗಲವಾಗುವಾಗ ಅಂಗಡಿಯ ಮುಂಭಾಗ ಕಳೆದುಕೊಂಡವರು ಈ ನಾಟಕಕ್ಕೆ ಬೇರೆಯೇ ಥರ ನಗಬಹುದು.

ಆಡಮ್ಸ್ 2001ರಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡರು. 2004ರಲ್ಲಿ ಉಳಿದ ಪುಸ್ತಕಗಳನ್ನು ನಾಟಕ ಮಾಡಲು ನಿರ್ದೇಶಕ ಡರ್ಕ್ ಮ್ಯಾಗ್ಸ್ ಹಳೆಯ ತಂಡವನ್ನೇ ಮತ್ತೆ ಕೂಡಿಸಿದರು. ನಿರೂಪಕರಾಗಿದ್ದ ಪೀಟರ್ ಜೋನ್ಸ್ ಅಷ್ಟರಲ್ಲಿ ತೀರಿಕೊಂಡಿದ್ದರು; ಆ ಜಾಗಕ್ಕೆ ವಿಲಿಯಂ ಫ್ರಾಂಕ್ಲಿನ್ ಬಂದರು. ಅಗ್ರಜಾಗ್ ಎಂಬ ಪಾತ್ರಕ್ಕೆ ಮಾತ್ರ ಸ್ವತಃ ಆಡಮ್ಸ್ ಅವರದೇ ದನಿ: ಬದುಕಿದ್ದಾಗ ಓದಿಟ್ಟಿದ್ದ ಧ್ವನಿಪುಸ್ತಕದಿಂದ ಅವರ ಮಾತನ್ನು ಎತ್ತಿ ನಾಟಕದೊಳಗೆ ಕೂರಿಸಿದರು. ಆ ಪಾತ್ರದ ತಕರಾರು ಏನು ಗೊತ್ತೇ? ತಾನು ಎಷ್ಟು ಜನ್ಮವೆತ್ತಿದರೂ ಪ್ರತಿ ಸಲವೂ ಆರ್ಥರ್ ಡೆಂಟ್ ಕೈಯಲ್ಲೇ ಸಾಯುತ್ತೇನೆ ಎಂಬುದು. ಸತ್ತ ಲೇಖಕರು ಪುನರ್ಜನ್ಮದ ಬಗ್ಗೆ ಗೊಣಗುವುದನ್ನು ಕೇಳಿ ನಗಬೇಕೋ ಬೇಡವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. 2018ರ ಮಾರ್ಚ್ 8ರಂದು, ನಲವತ್ತು ವರ್ಷ ತುಂಬಿದ ದಿನವೇ ಕೊನೆಯ ಸರಣಿ ಶುರುವಾಯಿತು. ಆರ್ಥರ್ ಆಗಿ ಅದೇ ಸೈಮನ್ ಜೋನ್ಸ್. ಟ್ರಿಲಿಯನ್ ಎಂಬ ಪಾತ್ರದ ಅಸಲಿ ದನಿ ಸೂಸನ್ ಶೆರಿಡನ್ ಆಗಲೇ ಇರಲಿಲ್ಲ, ಮಾರ್ವಿನ್ ರೋಬಾಟಿನ ದನಿಯೂ ಬೇರೆಯವರದಾಗಿತ್ತು.

ನಮಗೆ ಈ ಸಂಕಟ 'ಜೇಮ್ಸ್' ತಂದುಕೊಟ್ಟಿತು. ಪುನೀತ್ ರಾಜ್‌ಕುಮಾರ್ ಡಬ್ಬಿಂಗ್ ಮಾಡುವ ಮೊದಲೇ, 2021ರ ಅಕ್ಟೋಬರ್ 29ರಂದು ಹೋಗಿಬಿಟ್ಟರು. 2022ರ ಮಾರ್ಚ್ 17ರಂದು ಸಿನಿಮಾ ಬಂದಾಗ ತಮ್ಮನ ಮುಖಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಮುಂದೆ ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿ ಹೊಂದಿಸಿದ ಆವೃತ್ತಿಯೂ ಬಂತು. ನಾನು ನೋಡಿದ್ದು ಮೊದಲನೆಯದನ್ನು. ತೆರೆಯ ಮೇಲೆ ಅಪ್ಪು ಕುಣಿಯುತ್ತಿದ್ದಾಗ ಶಿಳ್ಳೆ ಹೊಡೆಯುತ್ತಿದ್ದ ಥಿಯೇಟರು, ಬಾಯಿ ತೆರೆದು ಶಿವಣ್ಣನ ದನಿ ಬಂದೊಡನೆ ತಣ್ಣಗಾಯಿತು. ಕಣ್ಣು ಇದ್ದಾರೆ ಅನ್ನುತ್ತಿತ್ತು, ಕಿವಿ ಇಲ್ಲ ಅನ್ನುತ್ತಿತ್ತು. ಯಂತ್ರದಲ್ಲಿ ಮರುಹುಟ್ಟಿಸಿದ ದನಿ ಎಷ್ಟೇ ಹೋಲಲಿ, ಅಣ್ಣ ತಮ್ಮನಿಗಾಗಿ ಮೈಕಿನ ಮುಂದೆ ನಿಂತರು ಎಂಬ ಸಂಗತಿಯೇ ನನಗೆ ದೊಡ್ಡದಾಗಿ ಕೇಳಿಸುತ್ತದೆ. ಡಾಕ್ಟರ್ ಹೂ ಬಳಗದಲ್ಲೂ ಹೀಗೇ ಆಗಿದೆ: ಸಾರಾ ಜೇನ್ ಆಗಿದ್ದ ಎಲಿಸಬೆತ್ ಸ್ಲೇಡನ್ 2011ರಲ್ಲಿ ತೀರಿಕೊಂಡ ಮೇಲೆ, ಧ್ವನಿನಾಟಕದಲ್ಲಿ ಆ ಪಾತ್ರವನ್ನು ಮಗಳು ಸೇಡಿ ಮಿಲ್ಲರ್ ಎತ್ತಿಕೊಂಡರು.

ಇನ್ನು ಚಾರ್ಲಿ. 2022ರಲ್ಲಿ ಇಂಡಿಯಾ ಫಿಷರ್ ಮತ್ತು ಮೆಕ್‌ಗ್ಯಾನ್ ಮತ್ತೆ ಜೊತೆಯಾದರು, 'ಷಾರ್ಲೆಟ್ ಪೊಲಾರ್ಡ್: ದಿ ಫರ್ದರ್ ಅಡ್ವೆಂಚರೆಸ್' ಎಂಬ ನಾಟಕಗಳ ಗುಚ್ಛದಲ್ಲಿ. ನಡುವಿನ ವರ್ಷಗಳಲ್ಲಿ ಫಿಷರ್ ಬ್ರಿಟನ್ನಿನ 'ಮಾಸ್ಟರ್‌ಶೆಫ್' ಕಾರ್ಯಕ್ರಮದ ನಿರೂಪಕಿಯಾಗಿ ಮನೆಮಾತಾಗಿದ್ದಾರೆ; ಬೇಯುತ್ತಿರುವ ಮಾಂಸದ ಬಗ್ಗೆ ಪಿಸುಗುಡುವ ಅದೇ ಗಂಟಲು ಇಲ್ಲಿ ಹದಿನೆಂಟು-ಇಪ್ಪತ್ತರ ಹುಡುಗಿ. ಕಿವಿಗೊಟ್ಟು ಕೇಳಿದರೆ ದನಿಗೆ ವಯಸ್ಸಾದದ್ದು ತಿಳಿಯುತ್ತದೆ. ಮೆಕ್‌ಗ್ಯಾನ್ ದನಿ ತುಸು ಕೆಳಗಿಳಿದು ದಪ್ಪವಾಗಿದೆ, ಫಿಷರ್ ಅವರದು ವಾಕ್ಯದ ಕೊನೆಯಲ್ಲಿ ಮೊದಲಿನಷ್ಟು ಜಿಗಿಯುವುದಿಲ್ಲ. ತಿಳಿದೂ ತಿಳಿಯದಂತೆ ಇದ್ದುಬಿಡುತ್ತೇವೆ. ತವರಿಗೆ ಬಂದ ಮಗಳ ತಲೆಯ ನರೆಯನ್ನು ತಾಯಿ ನೋಡದಿರುತ್ತಾಳಲ್ಲ, ಹಾಗೆ.

ಇತ್ತ ನೆಲಮಂಗಲದಲ್ಲಿ ಟೋಲಿನ ಸಾಲು ಅಷ್ಟರಲ್ಲಿ ಕರಗುತ್ತ ಬಂದಿತ್ತು. ಕೋಳಿ ಲಾರಿ ದಾಟಿತು. ನನ್ನ ಸರದಿಗೆ ಗೇಟು ಏಳಲಿಲ್ಲ. ಫಾಸ್ಟ್ಯಾಗಿನಲ್ಲಿ ದುಡ್ಡು ಮುಗಿದಿತ್ತು, ರೀಚಾರ್ಜ್ ಮಾಡಿಸದೆ ಮರೆತವನು ನಾನೇ. ಹಿಂದಿನವರ ಹಾರ್ನು ಶುರುವಾಯಿತು. ಕಿಟಕಿ ಇಳಿಸಿ ಐನೂರರ ನೋಟು ಚಾಚಿದೆ. ಆರ್-101 ಬೊವೆ ಹತ್ತಿರ ತಗ್ಗಿಗೆ ಇಳಿಯುತ್ತಿತ್ತು. ಗಾಳಿ ಬಟ್ಟೆ ಹರಿದ ಹಾಗೆ ಹರಿಯುತ್ತಿತ್ತು, ಜಡಿಮಳೆ. ಚಿಲ್ಲರೆ ಎಣಿಸುತ್ತಿದ್ದ ಹುಡುಗ ತಟ್ಟನೆ ಕೈ ನಿಲ್ಲಿಸಿದ. ಗೂಡಿನಿಂದ ಅರ್ಧ ಹೊರಗೆ ಬಾಗಿ, ಒಣ ಆಕಾಶವನ್ನು ಈ ಕಡೆಯಿಂದ ಆ ಕಡೆಗೆ ನೋಡಿದ.

'ಎಲ್ಲಿ ಸಾರ್ ಮಳೆ?'